ದನ ಕಾಯುವ ವಿದ್ಯೆ

ಪಾಠ ಒಪ್ಪಿಸಲಾರದೆ ತಲೆ ತಗ್ಗಿಸಿ ನಿಂತ ಹುಡುಗನನ್ನು ಕಂಡು "ನೀನು ದನ ಕಾಯುವುದಕ್ಕೇ ಲಾಯಕ್ಕು" ಎಂದು ಗದರಿಸುವುದು ಕನ್ನಡ ನಾಡಿನ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಗದರಿಸುವ ಉಪಾಧ್ಯಾಯರಲ್ಲಿ ದುರುದ್ದೇಶವೇನೂ ಇರುವುದಿಲ್ಲ. ಅವರ ಗುರುಗಳು ಅವರಿಗೆ ಹೇಳಿದ್ದನ್ನೇ ಅವರು ತಮ್ಮ ಶಿಷ್ಯರಿಗೆ ಹೇಳುತ್ತಾರೆ, ಅಷ್ಟೆ. ಮಾತು ಮುಗಿಯುತ್ತದೆ, ತರಗತಿ ನಗುತ್ತದೆ, ಪಾಠ ಮುಂದುವರಿಯುತ್ತದೆ. ಆದರೆ ಅದೇ ತರಗತಿಯಲ್ಲಿ ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗಿ ಹಾಲು ಹಾಕಿ, ಆಮೇಲೆ ಸ್ನಾನ ಮುಗಿಸಿ ಶಾಲೆಗೆ ಓಡಿಬಂದ ಮಕ್ಕಳು ನಾಲ್ಕಾರು ಮಂದಿಯಾದರೂ ಇರುತ್ತಾರೆ. ಅವರೂ ಎಲ್ಲರೊಡನೆ ನಗುತ್ತಾರೆ. ತಮ್ಮ ತಾಯಿ ದಿನವಿಡೀ ಮಾಡುವ ಕೆಲಸವು ದಡ್ಡರಿಗೆ ಮೀಸಲಾದ ಶಿಕ್ಷೆಯೆಂಬ ಮಾತನ್ನು ಕೇಳಿಯೂ ನಗಬೇಕಾಗಿ ಬರುವ ಆ ಮಕ್ಕಳ ವಿಷಯವಾಗಿ ವಿದ್ಯಾಸಂಸ್ಥೆಗಳು ಒಮ್ಮೆಯಾದರೂ ಆಲೋಚಿಸುವುದು ಅಗತ್ಯವಾಗಿದೆ.

ವಿಚಿತ್ರವೆಂದರೆ, ಇದೇ ತರಗತಿಗಳಲ್ಲಿ ಪುಣ್ಯಕೋಟಿಯ ಕಥೆಯನ್ನು ಹಾಡಿ ಮಕ್ಕಳ ಕಣ್ಣಲ್ಲಿ ನೀರು ತರಿಸಲಾಗುತ್ತದೆ. ಹಸುವಿನ ಸತ್ಯಸಂಧತೆಗೆ ಇಷ್ಟೊಂದು ಗೌರವ. ಹಸುವನ್ನು ಸಾಕುವವನಿಗೆ ಮಾತ್ರ ಬೈಗುಳ! ಮಠಗಳ ಆಶ್ರಯದಲ್ಲಿ ಬೆಳೆದ ಶಾಲೆಗಳಲ್ಲಂತೂ ಈ ಮಾತು ಇನ್ನಷ್ಟು ಅಸಂಗತವಾಗಿ ಕೇಳಿಸುತ್ತದೆ. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ತುರುಗಾಹಿ ರಾಮಣ್ಣನವರೂ ಇದ್ದಾರೆ. ತುರುಗಾಹಿ ಎಂದರೆ ದನ ಕಾಯುವವನೆಂದೇ ಅರ್ಥ. ಅದು ಅವರ ಕಾಯಕವಾಗಿತ್ತು. ಗೋಪತಿನಾಥ ವಿಶ್ವೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಅವರು ತಮ್ಮ ವೃತ್ತಿಯ ಮಾತುಗಳಿಂದಲೇ ಅನುಭಾವವನ್ನು ಹೇಳಿದರು. ಶರಣರ ಜಯಂತಿಯಂದು ಕಾಯಕದ ಮಹತ್ವವನ್ನು ಕುರಿತು ಭಾಷಣ ಮಾಡಿದ ನಾಲಿಗೆಯೇ ಮರುದಿನ ಅದೇ ಕಾಯಕವನ್ನು ಬೈಗುಳವಾಗಿ ಬಳಸುವುದಾದರೆ ಮಕ್ಕಳು ಯಾವುದನ್ನು ನಂಬಬೇಕು?

ದನ ಸಾಕುವ ಮನೆಯ ಬದುಕು ಹೇಗಿರುತ್ತದೆಂಬುದನ್ನು ಪಟ್ಟಣದಲ್ಲಿ ಬೆಳೆದ ಉಪಾಧ್ಯಾಯರು ತಿಳಿಯದಿರುವುದು ಸಹಜ. ತುಮಕೂರು ಸೀಮೆಯ ಬಯಲಿನಲ್ಲಿ ಅಂಥ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಎರಡೆಕರೆ ಬೆದ್ದಲು ಭೂಮಿ. ಮಳೆ ಬಂದರೆ ರಾಗಿ, ಅವರೆ. ಬಾರದಿದ್ದರೆ ದನಕ್ಕೆ ಹುಲ್ಲೂ ಇಲ್ಲ. ಮನೆಗೆ ಆತುಕೊಂಡು ಶೀಟು ಹೊದಿಸಿದ ಕೊಟ್ಟಿಗೆ. ಅದರಲ್ಲಿ ಎರಡು ಮಿಶ್ರತಳಿ ಹಸು, ಒಂದು ಕಡಸು, ಒಂದು ಎಳಗರು. ಹೊಲವು ಅಂಬಲಿ ಮುದ್ದೆಗೆ ಆಧಾರವಾದರೆ, ಉಪ್ಪು, ಎಣ್ಣೆ, ಔಷಧಿ, ಮಕ್ಕಳ ಪುಸ್ತಕ, ಶಾಲೆಯ ಶುಲ್ಕ ಇವೆಲ್ಲವೂ ಕೊಟ್ಟಿಗೆಯಿಂದಲೇ ಬರಬೇಕು.

ಮನೆಯ ಗೃಹಿಣಿ ಐದು ಗಂಟೆಗೆ ಮೊದಲೇ ಏಳುತ್ತಾಳೆ. ಒಂದು ದೊಡ್ಡ ಹಸು ದಿನಕ್ಕೆ 20 ಕಿಲೋಗ್ರಾಮಿಗೂ ಮೀರಿ ಸಗಣಿ ಹಾಕುತ್ತದೆ. ಅದನ್ನು ಬಾಚಿ ತಿಪ್ಪೆಗೆ ಹೊತ್ತು, ಗಂಜಲದ ನೆಲವನ್ನು ತೊಳೆದು ಒಣಗಿಸಬೇಕು. ಒದ್ದೆ ನೆಲದ ಮೇಲೆ ಹಸು ಮಲಗಿದರೆ ಕೆಚ್ಚಲಿಗೆ ಕೊಳೆ ಹತ್ತುತ್ತದೆ. ಅದರಿಂದ ಕೆಚ್ಚಲು ಬಾವು ಬರುತ್ತದೆ. ಬಾವು ಬಂದ ಕೆಚ್ಚಲಿನ ಹಾಲನ್ನು ಡೇರಿಗೆ ಹಾಕುವಂತಿಲ್ಲ. ಆದ್ದರಿಂದ ಆಕೆ ಕೆಚ್ಚಲನ್ನು ತೊಳೆದು, ಬಟ್ಟೆಯಿಂದ ಒರೆಸಿ, ಮೊದಲ ನಾಲ್ಕು ಧಾರೆಗಳನ್ನು ಬೇರೆ ಬಟ್ಟಲಿಗೆ ಕರೆದು ಅದರಲ್ಲಿ ಮೊಸರಿನಂಥ ಚೂರುಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾಳೆ. ಹಸು ಸೊರೆ ಬಿಟ್ಟ ಮೇಲೆ ಏಳೆಂಟು ನಿಮಿಷಗಳೊಳಗೆ ಕರೆದು ಮುಗಿಸಬೇಕು. ತಡವಾದರೆ ಉಳಿದ ಹಾಲು ಕೆಚ್ಚಲಿನಲ್ಲೇ ನಿಲ್ಲುತ್ತದೆ. ಜಿಡ್ಡು ಹೆಚ್ಚಾಗಿರುವುದು ಆ ಕೊನೆಯ ಹಾಲಿನಲ್ಲೇ. ಡೇರಿಯಲ್ಲಿ ಬೆಲೆ ಕಟ್ಟುವುದು ಜಿಡ್ಡನ್ನು ನೋಡಿಯೇ. ಹೀಗಾಗಿ ಕರೆಯುವ ಆ ಕೆಲವು ನಿಮಿಷ ಆಕೆ ಯಾರೊಡನೆಯೂ ಮಾತನಾಡುವುದಿಲ್ಲ.

ಕ್ಯಾನು ಡೇರಿಗೆ ಹೋಗುವುದು ಬಹುಮಟ್ಟಿಗೆ ಮಕ್ಕಳ ಕೈಯಲ್ಲಿ. ಅಲ್ಲಿ ಸರದಿ, ಮಾದರಿ, ಫ್ಯಾಟು, ಡಿಗ್ರಿ, ಪುಸ್ತಕದಲ್ಲಿ ಒಂದು ಸಾಲು. ಡಿಗ್ರಿ ಬರದಿದ್ದರೆ ಹಾಲು ಹಿಂದಕ್ಕೆ. ಹಿಂದಿರುಗುವಷ್ಟರಲ್ಲಿ ಶಾಲೆಯ ಹೊತ್ತು. ಮನೆಯ ಹಿರಿಯರು ಹುಲ್ಲು ಕೊಯ್ದು ತರುವುದು, ನೀರು ತುಂಬುವುದು, ಮೇವು ಕತ್ತರಿಸುವುದು, ಹಿಂಡಿ ಬೂಸ ಕಲಸುವುದು, ಹೀಗೆ ಸಾಗಿ ಸಂಜೆ ಐದಕ್ಕೆ ಮತ್ತೆ ಕೆಚ್ಚಲ ಬಳಿ ಕೂರುತ್ತಾರೆ. ಒಂದು ಹಸು ಹಾಲು ಕೊಡುವ 300 ಚಿಲ್ಲರೆ ದಿನಗಳಲ್ಲಿ 600ಕ್ಕೂ ಹೆಚ್ಚು ಬಾರಿ ಅದನ್ನು ಕರೆಯಬೇಕು. ಆ ಲೆಕ್ಕದಲ್ಲಿ ಭಾನುವಾರವಿಲ್ಲ, ಯುಗಾದಿಯಿಲ್ಲ, ಮನೆಯಲ್ಲಿ ಸಾವಾದ ದಿನವೂ ಇಲ್ಲ.

ಇಷ್ಟು ಮಾತ್ರವಾಗಿದ್ದರೆ ಇದು ಕೇವಲ ಮೈಗೆಲಸವೆಂದು ಹೇಳಿ ಸುಮ್ಮನಾಗಬಹುದಿತ್ತು. ಬೈಗುಳದ ಹಿಂದಿರುವ ನಂಬಿಕೆಯೂ ಅದೇ: ದನ ಕಾಯುವುದಕ್ಕೆ ಬುದ್ಧಿ ಬೇಕಿಲ್ಲ ಎಂಬುದು. ಈ ನಂಬಿಕೆಗೆ ಆಧಾರವೇ ಇಲ್ಲ. ಹಸು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ, ಆ ಬೆದೆ ಒಂದು ಹಗಲು ರಾತ್ರಿಗಿಂತ ಹೆಚ್ಚು ನಿಲ್ಲುವುದು ಅಪರೂಪ. ಬೆಳಿಗ್ಗೆ ಗುರುತು ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಕೆಲವು ಹಸುಗಳು ಕೂಗುತ್ತವೆ. ಕೆಲವು ಕೂಗುವುದೇ ಇಲ್ಲ. ಮೇವು ಬಿಟ್ಟು ಕಿವಿ ನಿಗುರಿಸಿ ನಿಂತ ರೀತಿಯಿಂದಲೋ, ಹಾಲು ಅರ್ಧ ಲೀಟರು ಇಳಿದದ್ದರಿಂದಲೋ ಅದನ್ನು ಊಹಿಸಬೇಕು. ಒಂದು ಬಾರಿ ತಪ್ಪಿದರೆ ಮುಂದಿನ ಕರು ಮೂರು ವಾರ ಹಿಂದಕ್ಕೆ ಬೀಳುತ್ತದೆ. ಆ ಮೂರು ವಾರ ಬತ್ತಿದ ಹಸುವಿಗೆ ಆದಾಯವಿಲ್ಲದೆ ಮೇವು ಹಾಕಬೇಕು. ಗಬ್ಬವಾದ ಮೇಲೆ ಸುಮಾರು 280 ದಿನ. ಕರು ಹಾಕುವುದಕ್ಕೆ ಎರಡು ತಿಂಗಳು ಮೊದಲೇ ಹಾಲು ಕರೆಯುವುದನ್ನು ನಿಲ್ಲಿಸದಿದ್ದರೆ ಮುಂದಿನ ಸೂಲಿನ ಹಾಲು ಕಡಿಮೆಯಾಗುತ್ತದೆ. ಇಂದಿನ ಬಟವಾಡೆಯ ಆಸೆಯನ್ನು ಬಿಟ್ಟು ಮುಂದಿನ ಸೂಲಿನ ಹಾಲನ್ನು ಕಾಯುವ ಈ ಸಂಯಮವನ್ನು ಅಕ್ಷರ ಬಾರದ ಎಷ್ಟೋ ಹೆಂಗಸರು ಪಾಲಿಸುತ್ತಾರೆ.

ಮೇವಿನ ಲೆಕ್ಕವನ್ನೂ ನೋಡಬೇಕು. ಹಸುವಿನ ದೇಹಪೋಷಣೆಗೆ ಸುಮಾರು 2 ಕಿಲೋ ಹಿಂಡಿ, ಅದು ಕರೆಯುವ ಪ್ರತಿ ಎರಡೂವರೆ ಲೀಟರು ಹಾಲಿಗೆ ಇನ್ನೊಂದು ಕಿಲೋ. ಹತ್ತು ಲೀಟರಿನ ಹಸುವಿಗೆ 6 ಕಿಲೋ ಆಯಿತು. ಹಾಲು ಐದು ಲೀಟರಿಗೆ ಇಳಿದ ಮೇಲೂ ಆರು ಕಿಲೋ ಹಾಕಿದರೆ ದಿನಕ್ಕೆ ಎರಡು ಕಿಲೋ ನಷ್ಟ. ಹತ್ತು ಲೀಟರಿನ ಕಾಲದಲ್ಲಿ ನಾಲ್ಕೇ ಕಿಲೋ ಹಾಕಿದರೆ ಹಸು ಸೊರಗುತ್ತದೆ, ಮುಂದೆ ಬೆದೆಗೂ ಬಾರದು. ಕಪ್ಪು ಹಲಗೆಯ ಮುಂದೆ ತ್ರೈರಾಶಿಗೆ ಹೆದರಿ ನಿಂತ ಹುಡುಗಿ ಇದೇ ಲೆಕ್ಕವನ್ನು ಸಂಜೆ ಬೂಸದ ಬುಟ್ಟಿಯ ಮುಂದೆ ಮನಸ್ಸಿನಲ್ಲೇ ಮಾಡಿ ಮುಗಿಸುತ್ತಾಳೆ. ಅವಳಿಗೆ ಲೆಕ್ಕ ಬರುವುದಿಲ್ಲವೆಂದು ಪ್ರಗತಿಪತ್ರದಲ್ಲಿ ಬರೆದಿರುತ್ತದೆ.

ಕರು ಹಾಕಿದ ರಾತ್ರಿ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಕರುವಿನ ಮೂಗು ಬಾಯಿಯ ಲೋಳೆ ತೆಗೆದು, ಹೊಕ್ಕುಳಿಗೆ ಔಷಧಿ ಹಚ್ಚಿ, ಮೊದಲ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು. ನೆರೆಮನೆಗಳಿಗೆ ಗಿಣ್ಣು ಹಂಚುವ ಸಂಭ್ರಮವೆಲ್ಲ ಆಮೇಲಿನದು. ಹೆಚ್ಚು ಹಾಲಿನ ಹಸುವಾದರೆ ಮರುದಿನವೇ ಹಾಲುಜ್ವರದಿಂದ ಕತ್ತು ತಿರುಗಿಸಿ ಬಿದ್ದುಬಿಡಬಹುದು. ದೇಹದ ಸುಣ್ಣದ ಅಂಶ ಹಾಲಿಗೆ ಹರಿದುಹೋಗಿ ರಕ್ತದಲ್ಲಿ ಕಡಿಮೆಯಾಗುವುದರಿಂದ ಹಾಗಾಗುತ್ತದೆ. ವೈದ್ಯರು ಬಂದು ನರಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಬಿದ್ದ ಹಸು ಒಂದೆರಡು ಗಂಟೆಗಳಲ್ಲಿ ಎದ್ದು ನಿಲ್ಲುವುದುಂಟು. ಗುರುತಿಸುವುದು ತಡವಾದರೆ ಏಳುವುದೇ ಇಲ್ಲ. ಹೆಸರಿಗೆ ಜ್ವರವಾದರೂ ಇದರಲ್ಲಿ ಮೈ ಸುಡುವುದಿಲ್ಲ, ಕಿವಿ ತಣ್ಣಗಾಗುತ್ತದೆ. ಕಿವಿ ಮುಟ್ಟಿ ಇದನ್ನು ಹೇಳಬಲ್ಲ ಹನ್ನೆರಡು ವರ್ಷದ ಬಾಲಕರು ಹಳ್ಳಿಯ ಶಾಲೆಗಳ ಹಿಂದಿನ ಬೆಂಚುಗಳಲ್ಲಿ ಕುಳಿತಿದ್ದಾರೆ.

ನಾಡಿನ ಹಾಲಿನ ಇತಿಹಾಸವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1946ರಲ್ಲಿ ಮೊದಲಾದ ಸಹಕಾರ ಪದ್ಧತಿ, 1970ರಲ್ಲಿ ಪ್ರಾರಂಭವಾದ ಕ್ಷೀರಕ್ರಾಂತಿಯ ಯೋಜನೆ, 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಆರಂಭಗೊಂಡ ಹೈನು ಅಭಿವೃದ್ಧಿ ನಿಗಮ, 1984ರಲ್ಲಿ ರೂಪುಗೊಂಡ ಹಾಲು ಮಹಾಮಂಡಲ, ಇವು ಎಲ್ಲರಿಗೂ ತಿಳಿದ ವಿಷಯ. ಗಮನಿಸಬೇಕಾದದ್ದು ಬೇರೆ. ದೊಡ್ಡ ಬಂಡವಾಳದ ಫಾರಂಗಳಿಗಿಂತ ಎರಡು ಮೂರು ಹಸುಗಳ ಸಣ್ಣ ಕೊಟ್ಟಿಗೆಗಳನ್ನೇ ಈ ಕಟ್ಟಡವು ಅಡಿಪಾಯವಾಗಿ ಮಾಡಿಕೊಂಡಿದೆ. 2013ರಲ್ಲಿ ಕ್ಷೀರಭಾಗ್ಯ ಯೋಜನೆ ಬಂದ ಮೇಲೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೂ ಈ ಹಾಲೇ ಲೋಟದಲ್ಲಿ ಬಂದಿತು. ಆ ಲೋಟವನ್ನು ಕೈಯಲ್ಲಿ ಹಿಡಿದ ಮಗುವಿಗೆ ದನ ಕಾಯುವ ಬೈಗುಳ ಕೇಳಿಸಿದರೆ ಅದಕ್ಕೆ ಏನು ಅರ್ಥವಾಗಬೇಕು?

ಆದರೂ ಕೊಟ್ಟಿಗೆಯ ಬದುಕನ್ನು ಹಾಡಿ ಹೊಗಳುವುದು ಇನ್ನೊಂದು ಬಗೆಯ ಅನ್ಯಾಯವಾದೀತು. ಇದರ ಭಾರ ಹೆಚ್ಚಾಗಿ ಬೀಳುವುದು ಹೆಂಗಸಿನ ಬೆನ್ನಿನ ಮೇಲೆ. ಹಾಲಿನ ಪುಸ್ತಕದಲ್ಲಿ ಲೀಟರು, ಜಿಡ್ಡು, ದರ, ಮೊತ್ತ ಎಲ್ಲಕ್ಕೂ ಒಂದೊಂದು ಅಂಕಣವಿದೆ. ಬೆಳಗಿನ ಐದರಿಂದ ರಾತ್ರಿಯವರೆಗಿನ ದುಡಿಮೆಗೆ ಅಂಕಣವಿಲ್ಲ. ಅನೇಕ ಮನೆಗಳಲ್ಲಿ ಆ ಪುಸ್ತಕ ಇರುವುದೂ ಗಂಡಸಿನ ಹೆಸರಿನಲ್ಲೇ. ಮಹಿಳೆಯರೇ ನಡೆಸುವ ಹಾಲು ಉತ್ಪಾದಕರ ಸಂಘಗಳು ಬಂದ ಊರುಗಳಲ್ಲಿ ಬಟವಾಡೆಯ ಹಣ ನೇರವಾಗಿ ದುಡಿದವಳ ಖಾತೆಗೆ ಸೇರುತ್ತಿರುವುದು ಸಮಾಧಾನದ ಸಂಗತಿ. ತವರಿಗೆ ಹೋದವಳು ಸಂಜೆಯ ಬಸ್ಸಿಗೇ ಹಿಂದಿರುಗಬೇಕು, ಏಕೆಂದರೆ ಹಸು ಬೇರೆಯವರ ಕೈಗೆ ಸೊರೆ ಬಿಡುವುದಿಲ್ಲ. ಆಕೆಗೆ ಕಾಯಿಲೆಯಾದರೆ ಶಾಲೆ ತಪ್ಪುವುದು ಮಗಳಿಗೆ. ಹಾಜರಿ ಪುಸ್ತಕದಲ್ಲಿ ಅದು ಬರಿಯ ಗೈರುಹಾಜರಿ. ಹಾಗೆ ಮೂರು ನಾಲ್ಕು ಬಾರಿಯಾದ ಮೇಲೆ ಹುಡುಗಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂಬ ತೀರ್ಮಾನವೂ ಹೊರಬೀಳುತ್ತದೆ.

ರೋಗದ ಭಯ ಎಂದಿಗೂ ತಪ್ಪಿದ್ದಲ್ಲ. 2013ರಲ್ಲಿ ಕಾಲುಬಾಯಿ ಜ್ವರವೂ 2022ರಲ್ಲಿ ಚರ್ಮಗಂಟು ರೋಗವೂ ಈ ರಾಜ್ಯದ ಸಾವಿರಾರು ಕೊಟ್ಟಿಗೆಗಳನ್ನು ಬರಿದುಮಾಡಿದವು. ಚರ್ಮಗಂಟು ರೋಗದ ಆ ವರ್ಷ ಹಲವೆಡೆ ದನಗಳ ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಇದ್ದ ಎರಡು ಹಸುಗಳಲ್ಲಿ ಒಂದು ಸತ್ತರೆ ಮನೆಯ ಅರ್ಧ ಆದಾಯ ಹೋದಂತೆ. ಅಂಥ ವಾರದಲ್ಲಿ ಪುಸ್ತಕ ತರದೆ ತರಗತಿಗೆ ಬಂದ ಹುಡುಗನಿಗೆ ಅದೇ ಹಳೆಯ ಮಾತು ಬಿದ್ದರೆ, ಕಾಯುವುದಕ್ಕೆ ಅವನ ಮನೆಯಲ್ಲಿ ದನವೂ ಉಳಿದಿರುವುದಿಲ್ಲ. ಇನ್ನು ಟ್ರ್ಯಾಕ್ಟರು ಬಂದ ಮೇಲೆ ಹೋರಿಗರುವಿಗೆ ಹೊಲದಲ್ಲಿ ಕೆಲಸವಿಲ್ಲವಾಗಿ, ಹಳ್ಳಿಕಾರ್ ಎತ್ತಿನ ಜೋಡಿಯನ್ನು ಹೆಮ್ಮೆಯಿಂದ ಕಟ್ಟುತ್ತಿದ್ದ ಮನೆಗಳಲ್ಲೇ ಗಂಡುಕರು ಹುಟ್ಟಿದರೆ ಮೌನ ಕವಿಯುತ್ತದೆ. ಅದೊಂದು ಬೇರೆಯೇ ಸಮಸ್ಯೆ.

ಈ ಕಷ್ಟಗಳನ್ನು ಬಲ್ಲ ತಾಯಿಯೇ ಮಗನಿಗೆ "ಓದು, ಇಲ್ಲದಿದ್ದರೆ ನನ್ನ ಹಾಗೆ ಸಗಣಿ ಬಾಚಬೇಕಾದೀತು" ಎನ್ನುವುದುಂಟು. ಹಾಗಾದರೆ ಉಪಾಧ್ಯಾಯರು ಹೇಳಿದ್ದರಲ್ಲಿ ತಪ್ಪೇನು ಎಂದು ಯಾರಾದರೂ ಕೇಳಬಹುದು. ತಾಯಿಯ ಮಾತಿನಲ್ಲಿ ಅವಳ ಬೆನ್ನುನೋವಿದೆ, ಮಗನಿಗೆ ಅದು ತಪ್ಪಲೆಂಬ ಹಾರೈಕೆಯಿದೆ. ಉಪಾಧ್ಯಾಯರ ಮಾತಿನಲ್ಲಿ ಇರುವುದು ಆ ಕೆಲಸ ಮಾಡುವವರ ಬುದ್ಧಿಯನ್ನು ಕುರಿತ ತೀರ್ಪು. ಮಗನಿಗೆ ಎರಡೂ ಒಂದೇ ಆಗಿ ಕೇಳಿಸುವುದರಿಂದಲೇ ಅನರ್ಥ ಹೆಚ್ಚು. ಆತ ಓದಿ ಪಟ್ಟಣ ಸೇರಿದರೆ ತನ್ನ ಮನೆಯ ವಿಷಯವನ್ನು ಮುಚ್ಚಿಡಲು ಕಲಿಯುತ್ತಾನೆ; ಓದಲಾರದೆ ಊರಲ್ಲೇ ಉಳಿದರೆ ತಾನು ಸೋತು ಉಳಿದವನೆಂಬ ಕೊರಗಿನಿಂದ ಹಗ್ಗ ಹಿಡಿಯುತ್ತಾನೆ. ಹಾಗೆ ಕೊರಗಿನಿಂದ ಮಾಡುವ ಪಶುಪಾಲನೆಯಲ್ಲಿ ಲೆಕ್ಕವೂ ಇರದು, ಶ್ರದ್ಧೆಯೂ ಇರದು. ಶಾಲೆಯು ಒಂದು ವೃತ್ತಿಯ ಮಾನವನ್ನು ಕಳೆದರೆ ಅದರ ನಷ್ಟ ಬಟವಾಡೆಯಲ್ಲೂ ಕಾಣಿಸಿಕೊಳ್ಳುತ್ತದೆ.

ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜಿದೆ. ಆ ಪದವಿಗೆ ಸೀಟು ಪಡೆಯಲು ನಾಡಿನ ಜಾಣ ವಿದ್ಯಾರ್ಥಿಗಳು ಪೈಪೋಟಿ ನಡೆಸುತ್ತಾರೆ. ಕೃಷಿಕರ ಮಕ್ಕಳಿಗೆ ಅಲ್ಲಿ ಮೀಸಲಾದ ಸ್ಥಾನಗಳಿದ್ದು, ಅವಕ್ಕಾಗಿ ಪ್ರಾಯೋಗಿಕ ಪರೀಕ್ಷೆಯೊಂದನ್ನು ನಡೆಸಲಾಗುತ್ತದೆ. ಬೇಸಾಯದ, ದನಕರುಗಳ ನಿತ್ಯದ ತಿಳಿವಳಿಕೆಗೆ ಅಲ್ಲಿ ಅಂಕಗಳು ದೊರೆಯುತ್ತವೆ. ತರಗತಿಯಲ್ಲಿ ಅವಮಾನಕ್ಕೆ ಕಾರಣವಾದ ವಿದ್ಯೆಯೇ ಅಲ್ಲಿ ಅರ್ಹತೆಯಾಗುತ್ತದೆ. ಈ ಸಂಗತಿಯನ್ನು ಎಂಟನೆಯ ತರಗತಿಯಲ್ಲೇ ಮಕ್ಕಳಿಗೆ ತಿಳಿಸುವ ಪ್ರೌಢಶಾಲೆಗಳು ಎಷ್ಟಿದ್ದಾವು?

ಶಾಲೆಗಳು ಮಾಡಬಹುದಾದ ಕೆಲಸಗಳಿಗೆ ಹೆಚ್ಚಿನ ಹಣವೇನೂ ಬೇಡ. ಬೈಗುಳವನ್ನು ಬಿಡುವುದು ಮೊದಲನೆಯದು. ಡೇರಿಯ ಸರದಿಯಿಂದ ಹತ್ತು ನಿಮಿಷ ತಡವಾಗಿ ಬಂದ ಮಗುವನ್ನು ಪ್ರಾರ್ಥನೆ ಮುಗಿಯುವವರೆಗೆ ಗೇಟಿನ ಹೊರಗೆ ನಿಲ್ಲಿಸದಿರುವುದೂ ಅಷ್ಟೇ ಸುಲಭ. ಲ್ಯಾಕ್ಟೋಮೀಟರು ಹಾಲಿನಲ್ಲಿ ಏಕೆ ತೇಲುತ್ತದೆ, ನೀರು ಬೆರೆಸಿದರೆ ಏಕೆ ಹೆಚ್ಚು ಮುಳುಗುತ್ತದೆ ಎಂಬುದನ್ನು ಸಾಂದ್ರತೆಯ ಪಾಠದಲ್ಲಿ ಹೇಳುವುದಾದರೆ, ಅದನ್ನು ದಿನವೂ ಕಂಡ ವಿದ್ಯಾರ್ಥಿಯನ್ನೇ ಮುಂದೆ ಕರೆದು ವಿವರಿಸಲು ಹೇಳಬಹುದು. ಒಮ್ಮೆ ಹಾಗೆ ಮುಂದೆ ಬಂದು ಮಾತನಾಡಿದ ಹುಡುಗ ಮತ್ತೆ ಹಿಂದಿನ ಬೆಂಚಿಗೆ ಅದೇ ಹುಡುಗನಾಗಿ ಹೋಗುವುದಿಲ್ಲ.

ವಸತಿ ಶಾಲೆಗಳಿಗೆ ಸೇರಿದ ಗೋಶಾಲೆಗಳ ವಿಷಯದಲ್ಲಿ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ತಪ್ಪು ಮಾಡಿದ ವಿದ್ಯಾರ್ಥಿಗೆ ಕೊಟ್ಟಿಗೆ ಗುಡಿಸುವ ಶಿಕ್ಷೆ ವಿಧಿಸುವ ಪದ್ಧತಿ ಎಲ್ಲಿದ್ದರೂ ಅದನ್ನು ಕೂಡಲೇ ಕೈಬಿಡಬೇಕು. ಅದಕ್ಕೆ ಬದಲಾಗಿ ಎಲ್ಲರಿಗೂ ಸರದಿಯ ಮೇಲೆ ಆ ಸೇವೆ ಬರಲಿ, ಮೇವಿನ ಲೆಕ್ಕ ಮತ್ತು ಕರುಗಳ ತೂಕದ ದಾಖಲೆಯನ್ನು ವಿದ್ಯಾರ್ಥಿಗಳೇ ಇಡಲಿ, ತಿಂಗಳಿಗೊಮ್ಮೆ ಪಶುವೈದ್ಯರು ಬಂದು ಅದನ್ನು ನೋಡಲಿ. ದಾನಿಗಳು ಭಕ್ತಿಯಿಂದ ಹಸುವನ್ನು ತಂದು ಅರ್ಪಿಸುತ್ತಾರೆ. ಅದರ ಮೇವನ್ನು ಕುರಿತು ಯೋಚಿಸುವವರು ವಿರಳ. ದಿನಕ್ಕೆ 25 ಕಿಲೋ ಹಸಿಹುಲ್ಲೆಂದರೂ ಒಂದು ಹಸುವಿಗೆ ವರ್ಷಕ್ಕೆ 9 ಟನ್ನು ದಾಟುತ್ತದೆ. ಹಸುವಿನ ಜೊತೆಗೆ ನೇಪಿಯರ್ ಹುಲ್ಲು ಬೆಳೆಯಲು ನೀರಾವರಿಯ ಕೆಲವು ಗುಂಟೆ ಭೂಮಿಯನ್ನೋ ಅದರ ವೆಚ್ಚವನ್ನೋ ಕೊಟ್ಟರೆ ಆ ದಾನ ಪೂರ್ಣವಾಗುತ್ತದೆ. ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ವೇದಿಕೆಯ ಮೇಲೆ ತಮ್ಮ ಬಾಲ್ಯದ ಬಡತನವನ್ನು ನೆನೆಯುವವರು ಅನೇಕರಿದ್ದಾರೆ. ಪರೀಕ್ಷಾ ಶುಲ್ಕವನ್ನು ಹಾಲಿನ ಬಟವಾಡೆಯಿಂದ ಕಟ್ಟಿದ್ದೆಂದು, ಯಾವ ಹಸು, ಯಾರು ಕರೆದದ್ದು ಎಂದು ಬಿಡಿಸಿ ಹೇಳುವವರು ಇನ್ನೂ ಬೇಕಾಗಿದ್ದಾರೆ. ಕೆಳಗೆ ಕುಳಿತ ಮಕ್ಕಳಲ್ಲಿ ಕೆಲವರಿಗಾದರೂ ಅದು ತಮ್ಮ ಮನೆಯ ಮಾತಾಗಿ ಕೇಳಿಸೀತು.

ಕೊನೆಯದಾಗಿ ಪಾಲಕರ ಸಭೆ. ಅನೇಕ ಶಾಲೆಗಳು ಅದನ್ನು ತರಗತಿಗಳು ಮುಗಿದ ಮೇಲೆ, ಸಂಜೆ ಐದರ ಹೊತ್ತಿಗೆ ಕರೆಯುತ್ತವೆ. ಉದ್ಯೋಗಸ್ಥರಾದ ತಂದೆತಾಯಿಯರಿಗೆ ಅದು ಅನುಕೂಲವೆಂಬುದು ನಿಜ. ಆದರೆ ಆ ಹೊತ್ತಿನಲ್ಲಿ ಹಸುಗಳು ಕರುವಿನ ಕಡೆ ಕತ್ತು ತಿರುಗಿಸಿ ಕೂಗುತ್ತಿರುತ್ತವೆ. ಕೊಟ್ಟಿಗೆಯ ತಾಯಂದಿರು ಬರಲಾರರು. ಮಕ್ಕಳ ವಿಷಯದಲ್ಲಿ ಅವರಿಗೆ ಕಾಳಜಿಯಿಲ್ಲವೆಂದು ವರದಿಯಲ್ಲಿ ಬರೆಯಲಾಗುತ್ತದೆ. ವರ್ಷಕ್ಕೆ ಒಂದು ಸಭೆಯನ್ನಾದರೂ ಹಗಲು ಹನ್ನೆರಡಕ್ಕೆ ಇಟ್ಟರೆ, ಬೆಳಗಿನ ಹಾಲು ಮುಗಿಸಿ ಮೇವು ಹಾಕಿ, ಬಸ್ಸು ಹಿಡಿದು ಬಂದು, ಮಗಳ ಲೆಕ್ಕದ ಪುಸ್ತಕವನ್ನು ತಿರುವಿ ನೋಡಿ, ಸಂಜೆಯ ಹಾಲಿನ ಹೊತ್ತಿಗೆ ಅವರು ಊರು ಸೇರಬಹುದು.